ಆಫ್‌ಲೈನ್ ನಕ್ಷೆ ಕೈಕೊಟ್ಟಾಗ: ದೋಷ ಯಾವ ಪದರದಲ್ಲಿದೆ?

ಆರ್ಗ್ಯಾನಿಕ್ ಮ್ಯಾಪ್ಸ್, ಕೋಮ್ಯಾಪ್ಸ್, ಓಸ್ಮ್‌ಆ್ಯಂಡ್ ಈ ಮೂರೂ ಜನರೇ ಸೇರಿ ಬರೆಯುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ ಬಳಸುವ ಆ್ಯಪ್‌ಗಳು. ನಕ್ಷೆ ಫೋನಿನೊಳಗೇ ಇರುತ್ತದೆ, ದಾರಿಯ ಲೆಕ್ಕವೂ ಅಲ್ಲೇ ನಡೆಯುತ್ತದೆ. ನೀವು ಎಲ್ಲಿದ್ದೀರಿ, ಎಲ್ಲಿಗೆ ಹೊರಟಿದ್ದೀರಿ ಎಂಬುದು ಯಾರ ಸರ್ವರ್‌ಗೂ ಹೋಗಬೇಕಿಲ್ಲ. ಆದರೆ ನಿಮ್ಮ ಸ್ಥಾನ ತೋರಿಸುವ ಬಾಣ ಅಲುಗದೆ ನಿಂತಾಗ ಅಥವಾ ದಾರಿ ಎಲ್ಲೆಲ್ಲಿಗೋ ತಿರುಗಿದಾಗ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಆ್ಯಪ್ ಅಳಿಸಿ ಮತ್ತೆ ಹಾಕುತ್ತಾರೆ, ಇಲ್ಲವೇ ಖಾಸಗಿತನದ ಹಂಬಲ ಬಿಟ್ಟು ಎಲ್ಲ ಲೊಕೇಶನ್ ಸೇವೆಗಳನ್ನೂ ಒಟ್ಟಿಗೆ ಆನ್ ಮಾಡುತ್ತಾರೆ. ಮೊದಲನೆಯದರಿಂದ ಗುರುತಿಟ್ಟ ಜಾಗಗಳೂ ನೂರಾರು ಎಂಬಿ ನಕ್ಷೆಗಳೂ ಹೋಗುತ್ತವೆ, ದೋಷ ಮಾತ್ರ ಹಾಗೇ ಉಳಿಯುತ್ತದೆ. ಎರಡನೆಯದರಿಂದ ಬೇಕಿಲ್ಲದ ಬೆಲೆ ತೆರುತ್ತೀರಿ.

ದೋಷ ಇರುವುದು ನಾಲ್ಕು ಪದರಗಳಲ್ಲಿ ಒಂದರಲ್ಲಿ. ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್ ಒಂದು. ಆ ಮಾಹಿತಿಯನ್ನು ಆ್ಯಪ್‌ಗೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವ ಆಂಡ್ರಾಯ್ಡ್ ಅಥವಾ ಐಒಎಸ್ ಎರಡನೆಯದು. ಡೌನ್‌ಲೋಡ್ ಆದ ನಕ್ಷೆಯ ಕಡತ ಮೂರನೆಯದು. ಆ ನಕ್ಷೆಯೊಳಗೆ ಜನರು ಬರೆದಿಟ್ಟ ರಸ್ತೆಯ ವಿವರ ನಾಲ್ಕನೆಯದು. ಯಾವ ಪದರವೆಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೊದಲು ಪದರ ಬೇರ್ಪಡಿಸಿ

ಎಲ್ಲಕ್ಕಿಂತ ಮುಂಚೆ ಗುರುತಿಟ್ಟ ಜಾಗಗಳನ್ನು ಆ್ಯಪ್‌ನ ಹೊರಗೆ ತೆಗೆದಿಡಿ. ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಕೋಮ್ಯಾಪ್ಸ್‌ನಲ್ಲಿ ಬುಕ್‌ಮಾರ್ಕ್ ಪಟ್ಟಿಯನ್ನು ಕೆಎಂಝಡ್ ಅಥವಾ ಜಿಪಿಎಕ್ಸ್ ಕಡತವಾಗಿ ಹಂಚಬಹುದು. ಓಸ್ಮ್‌ಆ್ಯಂಡ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಎಕ್ಸ್‌ಪೋರ್ಟ್ ಬಳಸಿ. ಈಚಿನ ಆಂಡ್ರಾಯ್ಡ್‌ಗಳಲ್ಲಿ ಆ್ಯಪ್‌ನ ಸ್ವಂತ ಫೋಲ್ಡರ್ ಆ್ಯಪ್ ಅಳಿಸಿದ ಕ್ಷಣವೇ ಅಳಿಸಿಹೋಗುತ್ತದೆ. ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ನಂತರ ಆಂಡ್ರಾಯ್ಡ್‌ನ ಮುಕ್ತ ತಂತ್ರಾಂಶಗಳ ಆ್ಯಪ್ ಮಳಿಗೆಯಾದ ಎಫ್-ಡ್ರಾಯ್ಡ್‌ನಿಂದ, ಯಾವ ಉಪಗ್ರಹ ಎಷ್ಟು ಬಲವಾಗಿ ಸಿಗುತ್ತಿದೆ ಎಂದು ತೋರಿಸುವ ಜಿಪಿಎಸ್‌ಟೆಸ್ಟ್ ಎಂಬ ಪುಟ್ಟ ಆ್ಯಪ್ ಹಾಕಿಕೊಳ್ಳಿ. ಫ್ಲೈಟ್ ಮೋಡ್ ಆನ್ ಮಾಡಿ, ವೈಫೈ ಆಫ್ ಮಾಡಿ, ಲೊಕೇಶನ್ ಆನ್ ಇಟ್ಟು, ತಾರಸಿಗೋ ಮೈದಾನಕ್ಕೋ ಹೋಗಿ. ಜಿಪಿಎಸ್ ಬರೀ ಕೇಳುವ ಯಂತ್ರ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಈಗಿನ ಫೋನ್‌ಗಳಲ್ಲಿ ಫ್ಲೈಟ್ ಮೋಡ್‌ನಲ್ಲೂ ಅದು ಕೆಲಸ ಮಾಡುತ್ತದೆ. ಹದಿನೈದು ನಿಮಿಷ ಒಂದೇ ಕಡೆ ನಿಂತು ಪರದೆ ನೋಡಿ.

ಜಿಪಿಎಸ್‌ಟೆಸ್ಟ್‌ನಲ್ಲೇ ಸ್ಥಾನ ಸಿಗದಿದ್ದರೆ ದೋಷ ಒಂದನೇ ಪದರದ್ದು. ಅಲ್ಲಿ ಸಿಕ್ಕಿ ನಕ್ಷೆಯ ಆ್ಯಪ್‌ನಲ್ಲಿ ಸಿಗದಿದ್ದರೆ ಎರಡನೆಯದು. ಬಾಣ ಸರಿಯಾದ ಜಾಗದಲ್ಲಿದ್ದು ಅದರ ಕೆಳಗೆ ರಸ್ತೆಯೇ ಕಾಣದೆ ನಕ್ಷೆ ಬೋಳಾಗಿದ್ದರೆ ಮೂರನೆಯದು. ಬಾಣ, ನಕ್ಷೆ ಎರಡೂ ಸರಿಯಿದ್ದು ದಾರಿ ಮಾತ್ರ ವಿಚಿತ್ರವಾಗಿದ್ದರೆ ನಾಲ್ಕನೆಯದು.

ಸ್ಥಾನವೇ ಸಿಗುತ್ತಿಲ್ಲ

ಅತಿ ಹೆಚ್ಚು ದೂರು ಬರುವುದು ಇಲ್ಲಿ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. ಜಿಪಿಎಸ್ ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ. ಒಂದು ಉಪಗ್ರಹದ ನಿಖರ ಕಕ್ಷಾ ವಿವರ ಅಡಗಿರುವ ಚೌಕಟ್ಟು ಪೂರ್ತಿ ಬರಲು 30 ಸೆಕೆಂಡ್ ಬೇಕು. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಮಧ್ಯೆ ಸಂಕೇತ ತುಂಡಾದರೆ ಆ ಭಾಗವನ್ನು ಮತ್ತೆ ಕೇಳಿಸಿಕೊಳ್ಳಬೇಕು. ಓಡುವ ಬಸ್ಸಿನಲ್ಲಿ, ಮರಗಳ ಸಾಲಿನ ಕೆಳಗೆ, ಕಿಟಕಿಯಿಂದ ದೂರ ಕೂತು ಕಾದರೆ ಇದು ಮುಗಿಯುವುದೇ ಇಲ್ಲ. ನಿಖರ ವಿವರ ಸುಮಾರು ನಾಲ್ಕು ತಾಸು ಮಾತ್ರ ಬಾಳುತ್ತದೆ. ಬೆಳಿಗ್ಗೆ ಸರಿಯಿದ್ದ ಫೋನ್ ಸಂಜೆ ಮತ್ತೆ ತಡಮಾಡುವುದಕ್ಕೆ ಇದೇ ಕಾರಣ.

ಸಾಮಾನ್ಯ ಫೋನ್‌ನಲ್ಲಿ ಈ ಕಾಯುವಿಕೆ ಗೊತ್ತಾಗುವುದಿಲ್ಲ, ಏಕೆಂದರೆ ಕಕ್ಷೆಯ ವಿವರ ಇಂಟರ್ನೆಟ್ ಮೂಲಕ ಕ್ಷಣದಲ್ಲಿ ಬಂದುಬಿಡುತ್ತದೆ. ಅದಕ್ಕೆ ಎರಡು ದಾರಿಗಳಿವೆ, ಖಾಸಗಿತನದ ದೃಷ್ಟಿಯಿಂದ ಎರಡೂ ಒಂದೇ ಅಲ್ಲ. ಎಸ್‌ಯುಪಿಎಲ್ ಎಂಬುದರಲ್ಲಿ ಫೋನ್ ತಾನು ಯಾವ ಟವರ್‌ನ ಹತ್ತಿರ ಇದೆ ಎಂದು ಸರ್ವರ್‌ಗೆ ಹೇಳಿ ಅದಕ್ಕೆ ತಕ್ಕ ವಿವರ ಪಡೆಯುತ್ತದೆ. ಪಿಎಸ್‌ಡಿಎಸ್ ಎಂಬುದರಲ್ಲಿ ಮುಂದಿನ ಕೆಲವು ದಿನಗಳ ಕಕ್ಷೆಗಳ ಮುನ್ನಂದಾಜು ಒಂದೇ ಕಡತವಾಗಿ ಇಳಿಯುತ್ತದೆ, ನೀವು ಎಲ್ಲಿದ್ದೀರಿ ಎಂದು ಹೇಳಬೇಕಿಲ್ಲ. ಎರಡನೆಯದೇ ಮೇಲು. ಪ್ರಯಾಣದ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಜಿಪಿಎಸ್‌ಟೆಸ್ಟ್ ತೆರೆದು ಪಿಎಸ್‌ಡಿಎಸ್ ತುಂಬುವ ಆಯ್ಕೆ ಒತ್ತಿ, ಸಮಯದ ಮಾಹಿತಿಯನ್ನೂ ತುಂಬಿ. ಹಳೆಯ ಮಾಹಿತಿ ಕೆಟ್ಟಿದೆ ಎಂಬ ಅನುಮಾನವಿದ್ದರೆ ಮೊದಲು ಅದೇ ಪಟ್ಟಿಯಲ್ಲಿರುವ ಸಹಾಯಕ ಮಾಹಿತಿ ಅಳಿಸುವ ಆಯ್ಕೆ ಒತ್ತಿ. ಫೋನಿನ ಗಡಿಯಾರ ತಪ್ಪಾಗಿದ್ದರೆ ಮುನ್ನಂದಾಜು ಕಡತದಿಂದ ಪ್ರಯೋಜನವಿಲ್ಲ, ಅದನ್ನೂ ಸರಿಪಡಿಸಿ.

ಈಗ ಸಂಕೇತದ ಬಲ ನೋಡಿ. ಪ್ರತಿ ಉಪಗ್ರಹದ ಮುಂದೆ ಡಿಬಿ-ಹರ್ಟ್ಸ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ತೆರೆದ ಆಕಾಶದಡಿ ಹಲವು ಉಪಗ್ರಹಗಳು 35ರಿಂದ 45ರವರೆಗೆ ತೋರಿಸಬೇಕು. 20ಕ್ಕಿಂತ ಕೆಳಗಿನವು ಕೆಲಸಕ್ಕೆ ಬರುವುದಿಲ್ಲ. ಸ್ಥಾನ ಹೇಳಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಒಂದೆರಡರ ಬಲ ಮಾತ್ರ ಕಡಿಮೆಯಿದ್ದರೆ ಕಟ್ಟಡವೋ ಮರವೋ ಅಡ್ಡ ಇದೆ ಎಂದರ್ಥ. ತೆರೆದ ಬಯಲಿನಲ್ಲೂ ಎಲ್ಲವೂ ಒಟ್ಟಿಗೆ 15-20ರಲ್ಲೇ ನಿಂತಿದ್ದರೆ ಅಡ್ಡಿ ಫೋನಿಗೇ ಅಂಟಿಕೊಂಡಿದೆ. ಲೋಹದ ಕವರ್ ತೆಗೆದು ನೋಡಿ. ಕಾರಿನ ಹೋಲ್ಡರ್‌ಗಾಗಿ ಫೋನಿನ ಹಿಂದೆ ಅಂಟಿಸಿದ ಉಕ್ಕಿನ ತಗಡು ಕಿತ್ತು ನೋಡಿ. ಕಾರಿನೊಳಗೆ ಮಾತ್ರ ತೊಂದರೆಯಿದ್ದರೆ ಗಾಜಿನ ಮೇಲಿನ ಲೋಹಲೇಪಿತ ಫಿಲ್ಮ್ ಕಾರಣವಿರಬಹುದು. ಡಿಸ್‌ಪ್ಲೇ ಅಥವಾ ಬ್ಯಾಟರಿ ಬದಲಿಸಿದ ದಿನದಿಂದ ಶುರುವಾಗಿದ್ದರೆ ಒಳಗಿನ ಆಂಟೆನಾ ಸಂಪರ್ಕ ಸರಿಯಾಗಿ ಕೂತಿಲ್ಲ. ಅದನ್ನು ರಿಪೇರಿ ಮಾಡಿದವರಲ್ಲಿಗೇ ಒಯ್ಯಿರಿ, ಸೆಟ್ಟಿಂಗ್ಸ್‌ನಿಂದ ಅದು ವಾಸಿಯಾಗದು. ಸಿಮ್ ಇಲ್ಲದ, ಬರೀ ವೈಫೈ ಇರುವ ಐಪ್ಯಾಡ್‌ಗಳಲ್ಲಂತೂ ಜಿಪಿಎಸ್ ರಿಸೀವರೇ ಇಲ್ಲ. ಅಲ್ಲಿ ಎಷ್ಟು ಹುಡುಕಿದರೂ ಫಲವಿಲ್ಲ.

ಪಟ್ಟಿಯಲ್ಲಿ ಭಾರತದ ನಾವಿಕ್ ಉಪಗ್ರಹಗಳು ಕಾಣುತ್ತಿಲ್ಲ ಎಂದು ಕೆಲವರು ಚಿಂತಿಸುತ್ತಾರೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಮತ್ತು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ ಕೇಂದ್ರ ಎರಡರ ಜೊತೆಗೂ ನಂಟಿರುವ ನಮ್ಮದೇ ವ್ಯವಸ್ಥೆ ಅದು, ನೋಡಲು ಆಸೆಯಾಗುವುದು ಸಹಜ. ಆದರೆ ಅದರ ಮೊದಲ ಪೀಳಿಗೆಯ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ರೇಡಿಯೊ ಬ್ಯಾಂಡ್‌ಗಳಲ್ಲಿ ಮಾತ್ರ ಮಾತಾಡುತ್ತವೆ. ಹೆಚ್ಚಿನ ಫೋನ್‌ಗಳು ಬಳಸುವ ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ. ಫೋನಿನ ಚಿಪ್‌ಗೆ ನಾವಿಕ್ ಬೆಂಬಲ ಇಲ್ಲದಿದ್ದರೆ ಅದು ಕಾಣುವುದಿಲ್ಲ. ಅದನ್ನು ದೋಷವೆಂದು ಎಣಿಸಬೇಡಿ.

ಸ್ಥಾನ ಸಿಕ್ಕರೂ ಬಾಣ ಪಕ್ಕದ ರಸ್ತೆಗೆ ಜಿಗಿಯುವುದು ಇನ್ನೊಂದು ಬಗೆ. ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಐದು ಮೀಟರ್ ಆಸುಪಾಸು ನಿಖರ. ಗಾಜಿನ ಗೋಪುರಗಳ ನಡುವೆ ಪ್ರತಿಫಲಿಸಿ ಬಂದ ಸಂಕೇತ ಆ ಲೆಕ್ಕ ಕೆಡಿಸುತ್ತದೆ. ಎತ್ತರದ ಲೆಕ್ಕ ಇನ್ನೂ ಕಚ್ಚಾ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂದು ಹೇಳುವಷ್ಟು ಸುಳಿವು ಆ್ಯಪ್‌ಗೆ ಸಿಗುವುದಿಲ್ಲ, ಎರಡು ರಸ್ತೆಗಳೂ ಒಂದರ ಮೇಲೊಂದಿವೆ. ಇಂಥ ಕಡೆ ಮುಂದಿನ ತಿರುವನ್ನು ಸೇತುವೆ ಹತ್ತುವ ಮೊದಲೇ ನೋಡಿಟ್ಟುಕೊಳ್ಳಿ.

ಬಾಣದ ಮುಖ ಮಾತ್ರ ತಪ್ಪಿದ್ದರೆ ಇಪ್ಪತ್ತು ಹೆಜ್ಜೆ ನೇರ ನಡೆಯಿರಿ. ನಡೆಯುತ್ತಿದ್ದಂತೆ ಸರಿಹೋದರೆ ಜಿಪಿಎಸ್ ಚೆನ್ನಾಗಿದೆ, ಕೆಟ್ಟಿರುವುದು ದಿಕ್ಸೂಚಿ. ಚಲಿಸುವಾಗ ದಿಕ್ಕು ಜಿಪಿಎಸ್‌ನಿಂದ, ನಿಂತಾಗ ದಿಕ್ಸೂಚಿಯಿಂದ ಬರುತ್ತದೆ. ಆಯಸ್ಕಾಂತದ ಹೋಲ್ಡರ್ ಮತ್ತು ಆಯಸ್ಕಾಂತದ ಗುಂಡಿಯಿರುವ ಫ್ಲಿಪ್ ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಕೆಲವು ಸಲ ತಿರುಗಿಸಿ.

ಫೋನಿಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ

ಬಾಣದ ಸುತ್ತ ಊರಗಲದ ವೃತ್ತ ಕಾಣುತ್ತಿದ್ದರೆ ನಿಖರ ಲೊಕೇಶನ್ ಅನುಮತಿ ಕೊಟ್ಟಿಲ್ಲ. ಆಂಡ್ರಾಯ್ಡ್ 12ರಿಂದ ಅಂದಾಜು ಮತ್ತು ನಿಖರ ಎಂದು ಎರಡು ಬಗೆಯ ಅನುಮತಿಗಳಿವೆ. ಅಂದಾಜು ಎಂದರೆ ಸುಮಾರು ಮೂರು ಚದರ ಕಿಲೋಮೀಟರ್ ಪ್ರದೇಶ. ಐಫೋನ್‌ನಲ್ಲಿ ಐಒಎಸ್ 14ರಿಂದ ಇದೇ ರೀತಿಯ ಸ್ವಿಚ್ ಇದೆ. ಹವಾಮಾನದ ಆ್ಯಪ್‌ಗೆ ಅಂದಾಜು ಸಾಕು, ದಾರಿ ತೋರಿಸುವುದಕ್ಕೆ ಸಾಲದು. ಆದರೆ "ಯಾವಾಗಲೂ" ಎಂಬ ಅನುಮತಿ ಬೇಕಿಲ್ಲ, "ಆ್ಯಪ್ ಬಳಸುವಾಗ ಮಾತ್ರ" ಸಾಕು. ದಾರಿ ತೋರಿಸುತ್ತಿರುವಾಗ ಆ್ಯಪ್ ಸೂಚನಾ ಪಟ್ಟಿಯಲ್ಲಿ ಉಳಿಯುತ್ತದೆ, ಪರದೆ ಆರಿಸಿದರೂ ಅದನ್ನು ಬಳಕೆ ಎಂದೇ ಆಂಡ್ರಾಯ್ಡ್ ಎಣಿಸುತ್ತದೆ.

ಪರದೆ ಆರಿದ ಕೆಲ ನಿಮಿಷಕ್ಕೆ ಧ್ವನಿ ನಿಂತುಹೋದರೆ ಅದು ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. ಖಚಿತಪಡಿಸಿಕೊಳ್ಳಲು ಆ್ಯಪ್‌ನಲ್ಲಿ ಟ್ರ್ಯಾಕ್, ಅಂದರೆ ನೀವು ಸಾಗಿದ ದಾರಿಯ ಗೆರೆ, ರೆಕಾರ್ಡ್ ಮಾಡಿ, ಫೋನ್ ಜೇಬಿನಲ್ಲಿಟ್ಟು ಅರ್ಧ ತಾಸು ತಿರುಗಾಡಿ ಬನ್ನಿ. ಗೆರೆ ರಸ್ತೆಯ ತಿರುವುಗಳನ್ನು ಹಿಂಬಾಲಿಸದೆ ಮನೆಗಳ ಮೇಲೆ ಹಾದು ಉದ್ದಕ್ಕೆ ನೆಟ್ಟಗೆ ಬಿದ್ದಿದ್ದರೆ ಆ ಹೊತ್ತಿನಲ್ಲಿ ಆ್ಯಪ್‌ಗೆ ಸ್ಥಾನ ಸಿಕ್ಕಿಲ್ಲ. ಆ್ಯಪ್ ಮಾಹಿತಿಯಲ್ಲಿ ಬ್ಯಾಟರಿ ಬಳಕೆಯನ್ನು "ನಿರ್ಬಂಧವಿಲ್ಲ" ಮಾಡಿ. ಆಟೋಸ್ಟಾರ್ಟ್ ಎಂಬ ಪ್ರತ್ಯೇಕ ಪಟ್ಟಿ ಇರುವ ಫೋನ್‌ಗಳಲ್ಲಿ ಅಲ್ಲೂ ಅನುಮತಿ ಕೊಡಿ. ಒಟ್ಟು ಫೋನಿನ ಬ್ಯಾಟರಿ ಸೇವರ್ ಆಫ್ ಮಾಡಿ, ಪರದೆ ಆರಿದಾಗ ಲೊಕೇಶನ್ನನ್ನೇ ನಿಲ್ಲಿಸುವ ಗುಣ ಕೆಲವು ಫೋನ್‌ಗಳಲ್ಲಿ ಅದಕ್ಕಿದೆ.

ಗೂಗಲ್ ಸೇವೆಗಳನ್ನು ನಿಷ್ಕ್ರಿಯಗೊಳಿಸಿದ ಫೋನ್‌ಗಳಲ್ಲಿ ಇನ್ನೊಂದು ಗುಂಡಿ ಪರೀಕ್ಷಿಸಬೇಕು. ಓಸ್ಮ್‌ಆ್ಯಂಡ್‌ನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಮೂಲ ಎಂಬ ಆಯ್ಕೆ ಇದೆ: ಗೂಗಲ್ ಪ್ಲೇ ಸರ್ವಿಸಸ್ ಅಥವಾ ಆಂಡ್ರಾಯ್ಡ್ ಎಪಿಐ. ಮೊದಲನೆಯದು ಆರಿಸಿದ್ದು, ಆ ಸೇವೆಯೇ ಫೋನಿನಲ್ಲಿ ನಿಂತಿದ್ದರೆ ಬಾಣ ಬರುವುದಿಲ್ಲ. ಎರಡನೆಯದಕ್ಕೆ ಬದಲಿಸಿ. ಆರ್ಗ್ಯಾನಿಕ್ ಮ್ಯಾಪ್ಸ್‌ನ ಪ್ಲೇ ಸ್ಟೋರ್ ಆವೃತ್ತಿಯಲ್ಲೂ ಗೂಗಲ್ ಪ್ಲೇ ಸರ್ವಿಸಸ್ ಬಳಸಬೇಕೆ ಎಂಬ ಸ್ವಿಚ್ ಇದೆ. ಇಂಥ ಫೋನ್‌ಗಳು ಮನೆಯೊಳಗೆ ಸ್ಥಾನ ಹೇಳದಿದ್ದರೆ ಆಶ್ಚರ್ಯವಿಲ್ಲ, ಮನೆಯೊಳಗಿನ ಸ್ಥಾನ ಬರುತ್ತಿದ್ದದ್ದು ವೈಫೈ ಮತ್ತು ಟವರ್‌ಗಳ ಪಟ್ಟಿಯಿಂದ.

ನಕ್ಷೆ ಬೋಳು, ಡೌನ್‌ಲೋಡ್ ನಿಂತಿದೆ

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಓಸ್ಮ್‌ಆ್ಯಂಡ್‌ನಲ್ಲಿ ನಕ್ಷೆಗಳು ರಾಜ್ಯವಾರು ಹಂಚಿವೆ. ಮಂಗಳೂರಿನಿಂದ ಕಾಸರಗೋಡಿಗೆ ಕೇರಳದ್ದೂ, ಬೆಂಗಳೂರಿನಿಂದ ಹೊಸೂರಿಗೆ ತಮಿಳುನಾಡಿನದ್ದೂ ಬೇಕು. ಹಾದಿ ನೆರೆರಾಜ್ಯದ ಒಂದು ಮೂಲೆ ಹಾದು ಮತ್ತೆ ಕರ್ನಾಟಕಕ್ಕೆ ಬರುವುದಾದರೂ ಆ ನೆರೆರಾಜ್ಯದ ನಕ್ಷೆಯಿಲ್ಲದೆ ಲೆಕ್ಕ ಕೂಡುವುದಿಲ್ಲ, ಇಲ್ಲವೇ ಆ್ಯಪ್ ದೂರದ ಸುತ್ತುದಾರಿ ಕೊಡುತ್ತದೆ. ಓಸ್ಮ್‌ಆ್ಯಂಡ್‌ನಲ್ಲಿ ಪಕ್ಕಪಕ್ಕದ ರಾಜ್ಯಗಳ ನಕ್ಷೆಗಳು ಒಂದೇ ತಿಂಗಳ ಆವೃತ್ತಿಯಾಗಿರಲಿ. ಒಂದು ಹಳೆಯದು ಒಂದು ಹೊಸದು ಇದ್ದರೆ ದೂರದ ದಾರಿಯ ಲೆಕ್ಕ ತೀರಾ ನಿಧಾನವಾಗಬಹುದು.

ಡೌನ್‌ಲೋಡ್ ಶೇಕಡಾ ಸೊನ್ನೆಯಲ್ಲೇ ನಿಂತಿದ್ದರೆ ನೀವೇ ಹಾಕಿದ ಫೈರ್‌ವಾಲ್, ವಿಪಿಎನ್ ಅಥವಾ ಪ್ರೈವೇಟ್ ಡಿಎನ್‌ಎಸ್ ಕಾರಣವಿರಬಹುದು. ಒಂದೊಂದಾಗಿ ಆಫ್ ಮಾಡಿ ನೋಡಿ. ಕೊನೆಯ ತುದಿಯಲ್ಲಿ ವಿಫಲವಾದರೆ ಫೋನಿನಲ್ಲಿ ಜಾಗ ಸಾಲದು. ಓಸ್ಮ್‌ಆ್ಯಂಡ್‌ನ ಉಚಿತ ಪ್ಲೇ ಸ್ಟೋರ್ ಆವೃತ್ತಿಯಲ್ಲಿ ಇಳಿಸಬಹುದಾದ ನಕ್ಷೆಗಳ ಸಂಖ್ಯೆಗೆ ಮಿತಿ ಇದೆ, ಎಫ್-ಡ್ರಾಯ್ಡ್ ಆವೃತ್ತಿಗೆ ಇಲ್ಲ. ನಕ್ಷೆ ಎಸ್‌ಡಿ ಕಾರ್ಡ್‌ನಲ್ಲಿದ್ದು ಆಗಾಗ ಮಾಯವಾಗುತ್ತಿದ್ದರೆ ಒಳಗಿನ ಸಂಗ್ರಹಕ್ಕೆ ಸರಿಸಿ. ಒಂದು ರಾಜ್ಯ ತೆರೆದಾಗ ಮಾತ್ರ ಆ್ಯಪ್ ಮುಚ್ಚಿಹೋಗುತ್ತಿದ್ದರೆ ಆ ರಾಜ್ಯದ ಕಡತವನ್ನಷ್ಟೇ ಅಳಿಸಿ ಮತ್ತೆ ಇಳಿಸಿ.

ದಾರಿ ತಪ್ಪು, ವಿಳಾಸ ಸಿಗದು

ಮೊದಲು ಆ್ಯಪ್‌ನ ಆಯ್ಕೆ ನೋಡಿ, ನಂತರ ದತ್ತಾಂಶವನ್ನು ದೂರಿ. "ಮಣ್ಣಿನ ರಸ್ತೆ ಬೇಡ" ಎಂಬುದು ಆನ್ ಇದ್ದರೆ ಹಳ್ಳಿಯ ಮನೆಗೆ ದಾರಿಯೇ ಸಿಗದು. "ಟೋಲ್ ಬೇಡ" ಆನ್ ಇದ್ದರೆ ಮೈಸೂರಿಗೆ ಸರ್ವಿಸ್ ರಸ್ತೆಗಳ ಮೂಲಕ ಕುಂಟುತ್ತಾ ಹೋಗುತ್ತೀರಿ. ವಾಹನದ ಬಗೆಯೂ ಮುಖ್ಯ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಕಾರಿನ ದಾರಿ ಹಾಕಿಕೊಂಡು ಬೈಕಿನಲ್ಲಿ ಹೊರಟರೆ ಆ್ಯಪ್ ನಿಮ್ಮನ್ನು ನೇರ ಅಲ್ಲಿಗೇ ಒಯ್ಯುತ್ತದೆ. ಬೈಕಿಗೆಂದೇ ಪ್ರತ್ಯೇಕ ಆಯ್ಕೆ ಓಸ್ಮ್‌ಆ್ಯಂಡ್‌ನಲ್ಲಿದೆ, ಬೈಕ್ ಸವಾರರಿಗೆ ಅದೇ ಸೂಕ್ತ.

ಸಮಯಕ್ಕೆ ಕಟ್ಟುಬಿದ್ದ ನಿರ್ಬಂಧಗಳಲ್ಲಿ ಎಚ್ಚರ ಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಓಸ್ಮ್‌ಆ್ಯಂಡ್‌ನ ದಾರಿ ಸೆಟ್ಟಿಂಗ್ಸ್‌ನಲ್ಲಿ ತಾತ್ಕಾಲಿಕ ನಿರ್ಬಂಧಗಳನ್ನು ಪರಿಗಣಿಸುವ ಆಯ್ಕೆ ಆನ್ ಮಾಡದಿದ್ದರೆ ಇಂಥವನ್ನು ಅದು ಗಮನಿಸದೆ ಹೋಗಬಹುದು. ಮಳೆಗಾಲದಲ್ಲಿ ಘಾಟಿಯ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದನ್ನಾಗಲಿ ಸಿಲ್ಕ್ ಬೋರ್ಡ್‌ನ ದಟ್ಟಣೆಯನ್ನಾಗಲಿ ಆಫ್‌ಲೈನ್ ಆ್ಯಪ್ ತಿಳಿಯಲಾರದು. ಅದನ್ನು ತಿಳಿಯಬೇಕಾದರೆ ಸಾವಿರಾರು ಫೋನ್‌ಗಳು ತಾವೆಲ್ಲಿದ್ದೇವೆ ಎಂದು ಕಳಿಸುತ್ತಲೇ ಇರಬೇಕು. ತಲುಪುವ ಸಮಯ ತಪ್ಪಾಗಿ ತೋರಿಸುವುದನ್ನು ದೋಷದ ಪಟ್ಟಿಯಿಂದ ಹೊರಗಿಡಿ, ಘಾಟಿ ಹತ್ತುವ ಮುನ್ನ ಜಿಲ್ಲಾಡಳಿತದ ಪ್ರಕಟಣೆ ನೋಡಿ.

"ದಾರಿ ಸಿಗಲಿಲ್ಲ" ಎಂದರೆ ಗುರಿಯನ್ನು ನೂರು ಮೀಟರ್ ಸರಿಸಿ ಮುಖ್ಯ ರಸ್ತೆಯ ಮೇಲಿಟ್ಟು ನೋಡಿ. ಆಗ ಸಿಕ್ಕರೆ ಕೊನೆಯ ತುಂಡಿನಲ್ಲಿ ತೊಡಕಿದೆ: ಲೇಔಟ್‌ನ ಗೇಟನ್ನು ಖಾಸಗಿ ಎಂದು ಗುರುತಿಸಿರಬಹುದು, ಎರಡು ರಸ್ತೆಗಳು ನಕ್ಷೆಯಲ್ಲಿ ಮುಟ್ಟಿದಂತೆ ಕಂಡರೂ ಕೂಡಿರದೇ ಇರಬಹುದು, ಏಕಮುಖದ ದಿಕ್ಕು ತಿರುಗಿರಬಹುದು. ಇವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ತೆರೆದು ತಿದ್ದಬಹುದು, ಅಥವಾ ಆ ಜಾಗದಲ್ಲಿ ಟಿಪ್ಪಣಿ ಬಿಡಬಹುದು. "ರಸ್ತೆ ತಪ್ಪು" ಎಂದರೆ ತಿದ್ದುವವರಿಗೆ ಏನೂ ತಿಳಿಯದು. "ಈ ಕ್ರಾಸ್ ಪೂರ್ವದಿಂದ ಪಶ್ಚಿಮಕ್ಕೆ ಏಕಮುಖ, ಫಲಕ ಇದೆ" ಎಂದು ಬರೆಯಿರಿ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡಬೇಡಿ, ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಟಿಪ್ಪಣಿಯನ್ನು ಎಲ್ಲರೂ ಓದಬಹುದು, ಅದರಲ್ಲಿ ಮನೆಯ ಸಂಗತಿ ಬೇಡ. ತಿದ್ದಿದ ಮೇಲೂ ನಿಮ್ಮ ಫೋನಿನ ನಕ್ಷೆ ಹೊಸ ಆವೃತ್ತಿ ಇಳಿಸುವ ತನಕ ಹಳೆಯದೇ. ಓಸ್ಮ್‌ಆ್ಯಂಡ್‌ನ ಸಾಮಾನ್ಯ ನಕ್ಷೆಗಳು ತಿಂಗಳಿಗೊಮ್ಮೆ ಹೊಸದಾಗುತ್ತವೆ.

ಹುಡುಕಾಟದಲ್ಲಿ ಕನ್ನಡದ ಹೆಸರು ಸಿಗದಿದ್ದರೆ ಆ ಜಾಗಕ್ಕೆ ದತ್ತಾಂಶದಲ್ಲಿ ಕನ್ನಡದ ಹೆಸರು ಸೇರಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ, ಅದೂ ಎರಡು ಮೂರು ಬಗೆಯಲ್ಲಿ ಹುಡುಕಿ. ಮನೆ ನಂಬರ್‌ಗಳು ನಮ್ಮ ಊರುಗಳ ನಕ್ಷೆಯಲ್ಲಿ ವಿರಳ. ಹತ್ತಿರದ ದೇವಸ್ಥಾನ, ಶಾಲೆ ಅಥವಾ ಕ್ರಾಸ್ ಹುಡುಕಿ ಅಲ್ಲಿಂದ ಬೆರಳಿನಲ್ಲಿ ಸರಿಯುವುದೇ ಬೇಗ.

ಯಾರಾದರೂ ಕಳಿಸಿದ ಲೊಕೇಶನ್ ಕೊಂಡಿ ತೆರೆಯದಿದ್ದರೆ ಅದು ಮೊಟಕು ಕೊಂಡಿ ಇರಬೇಕು. ಅದರಲ್ಲಿ ಅಕ್ಷಾಂಶ ರೇಖಾಂಶ ಇರುವುದಿಲ್ಲ, ಇಂಟರ್ನೆಟ್‌ನಲ್ಲಿ ಬಿಚ್ಚಿದ ಮೇಲಷ್ಟೇ ಸಿಗುತ್ತವೆ. ಹೊರಡುವ ಮೊದಲೇ ಬ್ರೌಸರ್‌ನಲ್ಲಿ ತೆರೆದು ಸಂಖ್ಯೆಗಳನ್ನು ನಕಲಿಸಿಕೊಳ್ಳಿ, ಅಥವಾ ಸಂಖ್ಯೆಗಳನ್ನೇ ಕಳಿಸಲು ಹೇಳಿ. ಅಕ್ಷಾಂಶ ಮೊದಲು ಬರಬೇಕು: ಬೆಂಗಳೂರು 12.97, 77.59. ಅದಲುಬದಲಾದರೆ ಸೂಜಿ ಆರ್ಕ್ಟಿಕ್‌ನಲ್ಲಿ ಸ್ವಾಲ್ಬಾರ್ಡ್ ಪಕ್ಕದ ಸಮುದ್ರಕ್ಕೆ ಬೀಳುತ್ತದೆ. 12 ಡಿಗ್ರಿ 30 ಮಿನಿಟ್ ಎಂದರೆ 12.50, 12.30 ಅಲ್ಲ. ಇಷ್ಟು ತಪ್ಪಿದರೆ ಸುಮಾರು 22 ಕಿಲೋಮೀಟರ್ ಅಂತರ ಬೀಳುತ್ತದೆ.

ಧ್ವನಿ ಬರುತ್ತಿಲ್ಲ

ಆ್ಯಪ್ ತಾನೇ ಮಾತಾಡುವುದಿಲ್ಲ, ಫೋನಿನ ಪಠ್ಯ ಓದುವ ಎಂಜಿನ್ ಬಳಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್-ಟು-ಸ್ಪೀಚ್ ತೆರೆದು ಮಾದರಿ ಧ್ವನಿ ಕೇಳಿ. ಅಲ್ಲೂ ಮೌನವಾದರೆ ಎಂಜಿನ್ ಇಲ್ಲ ಅಥವಾ ಭಾಷೆ ಇಳಿದಿಲ್ಲ. ಗೂಗಲ್ ಇಲ್ಲದ ಫೋನ್‌ಗಳಲ್ಲಿ ಎಫ್-ಡ್ರಾಯ್ಡ್‌ನ ಈಸ್ಪೀಕ್ ಹಾಕಬಹುದು. ಅದು ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಯಂತ್ರದ್ದು. ಮಾದರಿ ಕೇಳಿಸಿಯೂ ದಾರಿಯಲ್ಲಿ ಮೌನವಿದ್ದರೆ ಆ್ಯಪ್‌ನ ಧ್ವನಿ ಭಾಷೆಯೂ ಎಂಜಿನ್‌ನ ಭಾಷೆಯೂ ಒಂದೇ ಇದೆಯೇ ನೋಡಿ. ಹೆಲ್ಮೆಟ್ ಬ್ಲೂಟೂತ್‌ನಲ್ಲಿ ಮೊದಲ ಪದ ನುಂಗಿಹೋಗುತ್ತಿದ್ದರೆ ಸಂಪರ್ಕ ಎಚ್ಚರಗೊಳ್ಳುವ ಮುನ್ನವೇ ಮಾತು ಶುರುವಾಗುತ್ತಿದೆ, ಓಸ್ಮ್‌ಆ್ಯಂಡ್‌ನ ಧ್ವನಿ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಮೂಲ ಬದಲಿಸಿ ನೋಡಿ.

ತಯಾರಕರಿಗೆ ದೂರು ಬರೆಯುವಾಗ

ಇಷ್ಟಾದರೂ ದೋಷ ಉಳಿದರೆ ಆ್ಯಪ್‌ನ ಆವೃತ್ತಿ, ನಕ್ಷೆಯ ದಿನಾಂಕ, ಆಂಡ್ರಾಯ್ಡ್ ಆವೃತ್ತಿ, ಲೊಕೇಶನ್ ಮೂಲ, ಫ್ಲೈಟ್ ಮೋಡ್‌ನಲ್ಲಿ ಏನಾಯಿತು, ಜಿಪಿಎಸ್‌ಟೆಸ್ಟ್ ಏನು ತೋರಿಸಿತು ಎಂಬಷ್ಟನ್ನು ಬರೆಯಿರಿ. ದಾರಿಯ ದೋಷವಾದರೆ ಎರಡು ತುದಿಗಳ ಅಕ್ಷಾಂಶ ರೇಖಾಂಶ ಬೇಕೇ ಬೇಕು. ಅದಕ್ಕೆ ಮನೆಯನ್ನು ಆರಿಸಬೇಡಿ. ಹತ್ತಿರದ ಬಸ್ ನಿಲ್ದಾಣದಿಂದ ಅದೇ ದೋಷ ಮರುಕಳಿಸುತ್ತದೆಯೇ ನೋಡಿ, ಅದನ್ನೇ ಕೊಡಿ. ಜಿಪಿಎಕ್ಸ್ ಟ್ರ್ಯಾಕ್ ಲಗತ್ತಿಸುವುದಾದರೆ ಮೊದಲ ಮತ್ತು ಕೊನೆಯ ಅರ್ಧ ಕಿಲೋಮೀಟರ್ ಕತ್ತರಿಸಿ ಕಳಿಸಿ. ಅದರಲ್ಲಿ ಪ್ರತಿ ಬಿಂದುವಿನ ಜೊತೆ ಸಮಯವೂ ಬರೆದಿರುತ್ತದೆ.